ಕಾರ್ಡಿನಲ್ಲಿ ಉಳಿದುಹೋದ ಅಣ್ಣಯ್ಯ

ನನ್ನ ಬಲಗೈಯ ಹೆಬ್ಬೆರಳಿಗೆ ನನಗಿಂತ ಹೆಚ್ಚು ಶಿಸ್ತು ಇದೆ. ನಾನು ಬೆಳಿಗ್ಗೆ ಬಿ.ಪಿ. ಗುಳಿಗೆ ನುಂಗಲು ಮರೆಯುತ್ತೇನೆ, ಹಾಲು ತರಲು ಹೋಗಿ ಬ್ರೆಡ್ ತರುತ್ತೇನೆ, ಎದುರುಮನೆಯ ಪಟೇಲರನ್ನು ಹತ್ತು ವರ್ಷದಿಂದ ದೇಸಾಯಿ ಎಂದೇ ಕರೆಯುತ್ತಿದ್ದೇನೆ. ಪಾಪ, ಅವರೀಗ ಓಗೊಡುವುದನ್ನೂ ರೂಢಿ ಮಾಡಿಕೊಂಡಿದ್ದಾರೆ. ನನ್ನ ಹೆಬ್ಬೆರಳು ಮಾತ್ರ ಒಮ್ಮೆ ಕಲಿತ ಪಾಠವನ್ನು ಮರೆತದ್ದಿಲ್ಲ. ಒಂದೇ ಒಂದು ಸಲ ಮರೆತಿದ್ದರೆ ಏನು ಹೋಗುತ್ತಿತ್ತು ಅದರ ಗಂಟು ಎಂದು ನಾನು ಅದನ್ನು ಒಂದು ವರ್ಷ ಬೈದಿದ್ದೇನೆ. ಆ ವಿಷಯವನ್ನು ಇವತ್ತು ನಿಮ್ಮ ಹತ್ತಿರ ಹೇಳಿಬಿಡುತ್ತೇನೆ.

ಸೂರತ್ತಿನ ಪಾಂಡೇಸರಾದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲೊಂದರ ಲ್ಯಾಬಿನಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಬಣ್ಣ ನೋಡುತ್ತಿದ್ದೇನೆ. ವ್ಯಾಪಾರಿ ಕಳಿಸಿದ ಮಾದರಿ ತುಂಡನ್ನೂ ನಮ್ಮ ಯಂತ್ರದಿಂದ ಇಳಿದ ಬಟ್ಟೆಯನ್ನೂ ಒಂದು ದೀಪದ ಪೆಟ್ಟಿಗೆಯೊಳಗೆ ಅಕ್ಕಪಕ್ಕ ಇಟ್ಟು, ಎರಡೂ ಒಂದೇ ಬಣ್ಣ ಹೌದೋ ಅಲ್ಲವೋ ಎಂದು ಹೇಳಬೇಕು, ಅಷ್ಟೇ ಕೆಲಸ. ಊರಿಗೆ ಹೋದಾಗ ನೆಂಟರು, ಅದಕ್ಕೂ ಸಂಬಳ ಕೊಡುತ್ತಾರಾ ಎಂದು ಕೇಳುತ್ತಾರೆ. ಕೊಡುತ್ತಾರೆ. ಮದುವೆ ಸೀರೆಯ ಕೆಂಪು ಕೂದಲೆಳೆಯಷ್ಟು ಇಟ್ಟಿಗೆಯ ಕಡೆ ವಾಲಿದರೂ ಇಡೀ ಲಾಟು ವಾಪಸು ಬರುತ್ತದೆ. ಲ್ಯಾಬಿನೊಳಗೆ ಮೊಬೈಲು ತರುವಂತಿಲ್ಲ. ಡಿಸೈನು ಕದ್ದುಹೋಗುತ್ತದೆ ಎಂಬ ಭಯ. ಅಲ್ಲದೆ ಮೊಬೈಲಿಗೆ ಎಲ್ಲವನ್ನೂ ಇದ್ದದ್ದಕ್ಕಿಂತ ಚಂದ ಮಾಡಿ ತೋರಿಸುವ ಚಟ. ಹಾಗಾಗಿ ಮಿಲ್ಲಿನದೇ ಒಂದು ಕ್ಯಾಮೆರಾ ಉಂಟು, ಅದು ನನ್ನ ಸುಪರ್ದಿನಲ್ಲಿ ಇರುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಹಿಂದಿನ ಲಾಟಿನ ಫೋಟೋ ಹೊಸ ಲಾಟಿನ ಫೋಟೋಗಳ ಜೊತೆ ಬೆರೆತು, ಯಾರದೋ ನೀಲಿ ಯಾರದೋ ಹೆಸರಿನಲ್ಲಿ ಪಾಸಾಗಿ ದೊಡ್ಡ ರಾಮಾಯಣವಾಯಿತು. ಅಂದಿನಿಂದ ನಮ್ಮಲ್ಲಿ ಒಂದು ನೇಮ: ಹೊಸ ಲಾಟು ಪೆಟ್ಟಿಗೆಯೊಳಗೆ ಹೋಗುವ ಮೊದಲು ಕ್ಯಾಮೆರಾದ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕು. ಪೂಜೆಗೆ ಮೊದಲು ನೆಲ ಒರೆಸಿದ ಹಾಗೆ. ಗುಂಡಿಯನ್ನು ಐದು ಸಲ ಒತ್ತಿದರೆ ಕಾರ್ಡು ಖಾಲಿ. ಆಮೇಲೆ ನಲವತ್ತೋ ಐವತ್ತೋ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದರೆ ಆ ಲಾಟಿನ ಋಣ ಮುಗಿಯಿತು. ದಿನಕ್ಕೆ ಮೂರು ನಾಲ್ಕು ಲಾಟು ಅಂದರೆ ನನ್ನ ಹೆಬ್ಬೆರಳು ಈವರೆಗೆ ಎಷ್ಟು ಸಾವಿರ ಸಲ ಆ ಐದು ಒತ್ತು ಒತ್ತಿರಬಹುದು, ನೀವೇ ಊಹಿಸಿ.

ಇನ್ನು ಅಣ್ಣಯ್ಯನ ವಿಷಯ. ನನಗಿಂತ ಒಂಬತ್ತು ವರ್ಷ ದೊಡ್ಡವನು. ಕುಂದಾಪುರದ ಕಡೆಯಿಂದ ಹದಿನೇಳನೆಯ ವಯಸ್ಸಿಗೇ ಗುಜರಾತಿಗೆ ಬಂದು, ಅಲ್ಲಿ ಇಲ್ಲಿ ಅಡುಗೆ ಮಾಡಿ, ಕೊನೆಗೆ ವಡೋದರದ ರೈಲ್ವೆ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ತನ್ನದೇ ಉಡುಪಿ ಹೋಟೆಲು ಹಾಕಿದ. ಯಜಮಾನನಾದ ಮೇಲೂ ಕುರ್ಚಿಯ ಮೇಲೆ ಕೂತವನಲ್ಲ. ಮುಂದಿನ ಮೇಜಿನಲ್ಲಿ ಅತ್ತಿಗೆ ಕೂರುತ್ತಿದ್ದರು, ಇವನು ಒಳಗೆ ದೋಸೆ ಕಾವಲಿಯ ಮುಂದೆ. ನನ್ನನ್ನು ಓದಿಸಿ, ಸೂರತ್ತಿನಲ್ಲಿ ಈ ಕೆಲಸಕ್ಕೆ ಸೇರಿಸಿದವನೂ ಅವನೇ.

ಅಡುಗೆಯವರ ಬಗ್ಗೆ ನೀವು ಒಂದು ಸಂಗತಿಯನ್ನು ಗಮನಿಸಿದ್ದೀರೋ ಇಲ್ಲವೋ. ಅವರು ಫೋಟೋದಲ್ಲಿ ಇರುವುದಿಲ್ಲ. ನಮ್ಮ ಮನೆಯ ಮದುವೆ, ಮುಂಜಿ, ಸೀಮಂತದ ಆಲ್ಬಮ್ಮುಗಳನ್ನು ತೆಗೆದು ನೋಡಿ: ಊರಿನವರೆಲ್ಲ ಇದ್ದಾರೆ, ಯಾರೆಂದು ಇವತ್ತಿಗೂ ಗೊತ್ತಾಗದ ಇಬ್ಬರು ಎಲ್ಲ ಫೋಟೋದಲ್ಲೂ ನಗುತ್ತ ನಿಂತಿದ್ದಾರೆ, ಅಣ್ಣಯ್ಯ ಮಾತ್ರ ಇಲ್ಲ. ಫೋಟೋ ತೆಗೆಯುವ ಹೊತ್ತಿಗೆ ಅವನು ಹಿಂದುಗಡೆ ಕೊಪ್ಪರಿಗೆಯ ಹತ್ತಿರ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅವನು ಮಾಡಿದ ಹೋಳಿಗೆಯ ಚಿತ್ರವಿದೆ. ಅವನ ಮಗಳು ಶ್ರಾವ್ಯಳ ಮೊಬೈಲಿನ ಸೆಲ್ಫಿಗಳಲ್ಲಿ ಒಂದು ಕಿವಿ, ಒಂದು ಮೊಣಕೈ, ಹಬೆಯೊಳಗೆ ಒಂದು ಬೆನ್ನು ಕಾಣುತ್ತದೆ.

ಗುಜರಾತಿನಲ್ಲಿ ದೀಪಾವಳಿ ಎಂದರೆ ಎಲ್ಲ ಬಂದ್. ವ್ಯಾಪಾರ ಮತ್ತೆ ತೆರೆಯುವ ಲಾಭಪಂಚಮಿಯವರೆಗೆ ಅಂಗಡಿಯಿಲ್ಲ, ಮಿಲ್ಲಿಲ್ಲ, ಹೋಟೆಲಿನ ಹುಡುಗರೆಲ್ಲ ಊರಿಗೆ. ಅಣ್ಣಯ್ಯನ ಕಾವಲಿ ವರ್ಷದಲ್ಲಿ ತಣ್ಣಗಾಗುತ್ತಿದ್ದದ್ದು ಆ ಐದಾರು ದಿನ ಮಾತ್ರ. ಆಗ ನಾನು ವಡೋದರಕ್ಕೆ ಹೋಗಿ ಅವರ ಮನೆಯಲ್ಲಿ ಬಿದ್ದುಕೊಳ್ಳುತ್ತಿದ್ದೆ. ವರ್ಷವಿಡೀ ಇಲ್ಲಿನವರ ನಾಲಗೆಗಾಗಿ ಸಾಂಬಾರಿಗೆ ಬೆಲ್ಲ ಹಾಕಿ ಹಾಕಿ ಅಣ್ಣಯ್ಯನಿಗೆ ಒಂದು ಬಗೆಯ ಸೇಡು ತುಂಬಿಕೊಂಡಿರುತ್ತಿತ್ತು; ಆ ಐದು ದಿನ ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲಿಟ್ಟು, ಹುಳಿ ಖಾರ ನೆತ್ತಿಗೇರುವಂಥ ಸಾರು ಮಾಡಿ ನಮಗೆ ಬಡಿಸುತ್ತಿದ್ದ. ಕಳೆದದ್ದಕ್ಕಿಂತ ಹಿಂದಿನ ದೀಪಾವಳಿಯಲ್ಲಿ ರಜೆಯ ಅವಸರದಲ್ಲಿ ಮಿಲ್ಲಿನ ಕ್ಯಾಮೆರಾ ನನ್ನ ಚೀಲದಲ್ಲೇ ಉಳಿದಿತ್ತು. ಈ ಸಲ ಬಿಡುವುದಿಲ್ಲ ಎಂದು ಅವನನ್ನು ತಾರಸಿಗೆ ಎಳೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಸಿ, ತಲೆ ಬಾಚಿಸಿ, ಗೋಡೆಗೆ ನಿಲ್ಲಿಸಿ, ಅಭ್ಯಾಸದಂತೆ ಮೊದಲು ಕಾರ್ಡು ಖಾಲಿ ಮಾಡಿ, ಮೂವತ್ತು ನಲವತ್ತು ತೆಗೆದೆ. ಪೊಲೀಸು ಠಾಣೆಯಲ್ಲಿ ನಿಂತವನ ಹಾಗೆ ನಿಂತಿದ್ದ. ಆಮೇಲೆ ಅವನು ಅಡುಗೆಮನೆಗೆ ಇಳಿದ, ನಾನೂ ಹಿಂದೆಯೇ ಹೋಗಿ ಸುಮ್ಮನೆ ಕ್ಲಿಕ್ಕಿಸುತ್ತ ಹೋದೆ.

"ಎಷ್ಟ್ ಪಟ ತೆಗಿತೆ ಮಾರಾಯ, ಸಾಕ್! ಸಾರ್ ಉಕ್ತಿತ್" ಎಂದು ಬೈದ ಮೇಲೆಯೇ ನಿಲ್ಲಿಸಿದ್ದು.

ಸಂಜೆ ಕಾಫಿ ಕುಡಿಯುತ್ತ ಕೂತು ಎಲ್ಲವನ್ನೂ ನೋಡಿದೆ. ತಾರಸಿಯವು ಚೆನ್ನಾಗಿದ್ದವು, ಕಾರ್ಡಿನಲ್ಲೇ ಇಟ್ಟುಕೊಂಡೆ. ಅಡುಗೆಮನೆಯವು ಎಲ್ಲ ಕೆಟ್ಟವು: ಒಂದರಲ್ಲಿ ಬಾಯಿ ತೆರೆದಿದೆ, ಒಂದರಲ್ಲಿ ಸೌಟು ಅಡ್ಡ ಬಂದಿದೆ, ಇನ್ನೊಂದರಲ್ಲಿ ಕಣ್ಣು ಮುಚ್ಚಿದೆ. ಒಂದೊಂದಾಗಿ ಅಳಿಸಿ ಹಾಕಿದೆ. ದೋಷವಿದ್ದದ್ದನ್ನು ತೆಗೆದುಹಾಕುವುದೇ ನನ್ನ ಉದ್ಯೋಗವಲ್ಲವೆ!

ಲಾಭಪಂಚಮಿಯ ಮರುದಿನ ಮಿಲ್ಲು ತೆರೆಯಿತು. ಮೊದಲ ಲಾಟು ಮೆಂತ್ಯೆಸೊಪ್ಪಿನ ಹಸಿರು. ಪೆಟ್ಟಿಗೆಯ ದೀಪ ಹಾಕಿದೆ, ಕ್ಯಾಮೆರಾ ಎತ್ತಿಕೊಂಡೆ, ಹೆಬ್ಬೆರಳು ತನ್ನ ಐದು ಒತ್ತು ಒತ್ತಿತು. ನಾನು ಆಗ ಪಕ್ಕದವನಿಗೆ ಗುಜರಾತಿ ಹೊಸವರ್ಷದ ಶುಭಾಶಯ ಹೇಳುತ್ತಿದ್ದೆ. ಅಣ್ಣಯ್ಯನ ಫೋಟೋಗಳು ಅದೇ ಕಾರ್ಡಿನಲ್ಲಿದ್ದವೆಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ನೆನಪಾಯಿತು. ನಿಜ ಹೇಳುತ್ತೇನೆ, ಆಗ ನನಗೆ ದೊಡ್ಡ ಸಂಕಟವೇನೂ ಆಗಲಿಲ್ಲ. ಥತ್ ಎಂದುಕೊಂಡೆ. ಅಣ್ಣಯ್ಯ ಎಲ್ಲಿಗೆ ಹೋಗುತ್ತಾನೆ, ಬರುವ ದೀಪಾವಳಿಗೆ ಇನ್ನೊಮ್ಮೆ ತೆಗೆದರಾಯಿತು ಎಂದುಕೊಂಡು ಚಪಾತಿ ಮುರಿದೆ.

ಉತ್ತರಾಯಣದ ಗಾಳಿಪಟಗಳು ಇನ್ನೂ ತಂತಿಗಳಿಗೆ ಸಿಕ್ಕಿಕೊಂಡೇ ಇದ್ದವು, ಅಣ್ಣಯ್ಯ ಬೆಳಿಗ್ಗೆ ಇಡ್ಲಿಯ ಮೊದಲ ಅಟ್ಟೆ ಇಳಿಸಿ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಐವತ್ತೊಂಬತ್ತು ವರ್ಷ.

ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಸಿಕ್ಕಿದ್ದು ಗುರುತಿನ ಚೀಟಿಯ ಚಿತ್ರ ಒಂದೇ. ಸ್ಟುಡಿಯೋದವನು ಅದನ್ನು ದೊಡ್ಡದು ಮಾಡಿ, ಕಲೆ ಒರೆಸಿ, ಹಿಂದೆ ನೀಲಿ ಆಕಾಶ ಕೂರಿಸಿ, ಅಣ್ಣಯ್ಯ ಜನ್ಮದಲ್ಲಿ ಹಾಕದ ಕೋಟು ತೊಡಿಸಿ ಕೊಟ್ಟ. ಅತ್ತಿಗೆ ಅದಕ್ಕೆ ಒಂದು ದಿನವೂ ಹೂವು ಹಾಕಲಿಲ್ಲ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅದನ್ನು ಇಳಿಸಿ ಕಪಾಟಿನ ಹಿಂದೆ ಇಟ್ಟರು.

"ಇದ್ ಅವ್ರಲ್ಲ ರಘು. ಯಾರೋ ಬ್ಯಾಂಕಿನವ್ರ್ ಕಂಡಂಗೆ ಕಾಣ್ತ್" ಎಂದರು. "ನೀನ್ ದೀಪಾವಳಿಗ್ ತೆಗ್ದದ್ದ್ ಉಂಟಲ್ದಾ, ಅದ್ರಲ್ ಒಂದ್ ಕೊಡ್."

ಅತ್ತಿಗೆ ಆ ಮನೆಗೆ ಸೊಸೆಯಾಗಿ ಬಂದಾಗ ನಾನು ಪಿ.ಯು.ಸಿ. ಹುಡುಗ. ನನಗೆ ಜ್ವರ ಬಂದಾಗ ಗಂಜಿ ಕೊಟ್ಟ ಕೈ ಅದು. ಅವರ ಎದುರು ನಿಂತು, ಅಳಿಸಿಹೋಯಿತು ಎನ್ನುವ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಪ್ರಿಂಟಿಗೆ ಕೊಟ್ಟಿದ್ದೇನೆ ಎಂದೆ. ಹೋಳಿ ಹಬ್ಬಕ್ಕೆ ಹೋದಾಗ, ಪ್ರಿಂಟಿನ ಅಂಗಡಿಯವನಿಗೆ ಕಾಗದ ಬಂದಿಲ್ಲವಂತೆ ಎಂದೆ. ಗಣೇಶ ಚೌತಿಗೆ ಆ ಅಂಗಡಿಯವನಿಗೇ ಕಾಯಿಲೆ ಬರಿಸಿದೆ. ಇಲ್ಲದ ಅಂಗಡಿಯ ಇಲ್ಲದ ಮನುಷ್ಯನಿಗಾಗಿ ಅತ್ತಿಗೆ ಪಾಪ ಎಂದು ಮರುಗಿದರು. ಸುಳ್ಳು ಹೇಳುವುದರಲ್ಲಿ ನಾನು ಇಷ್ಟು ಮುಂದುವರಿಯಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಆ ಸಲ ಸೂರತ್ತಿಗೆ ಮರಳುವಾಗ ರೈಲಿನಲ್ಲಿ ಬಾಗಿಲ ಹತ್ತಿರ ನಿಂತು ಅತ್ತೆ.

ಅಣ್ಣಯ್ಯನ ವರ್ಷಾಂತಿಕದ ಶ್ರಾದ್ಧಕ್ಕೆ ಒಂದು ತಿಂಗಳಿರುವಾಗ ಶ್ರಾವ್ಯ ಫೋನು ಮಾಡಿದಳು. ಅವಳು ಅಹಮದಾಬಾದಿನ ಒಂದು ಕಂಪನಿಯಲ್ಲಿ ಕೆಲಸ ಮಾಡಿಕೊಂಡು, ವಸ್ತ್ರಾಪುರದಲ್ಲಿ ಇಬ್ಬರು ಗೆಳತಿಯರ ಜೊತೆ ಬಾಡಿಗೆ ಫ್ಲ್ಯಾಟಿನಲ್ಲಿದ್ದಾಳೆ. ವಡೋದರದಲ್ಲಿ ಹುಟ್ಟಿ ಬೆಳೆದ ಹುಡುಗಿ. ಅವಳ ಕನ್ನಡ ಅಲ್ಲಲ್ಲಿ ಕುಂಟುತ್ತದೆ, ಆದರೆ ಅಪ್ಪನ ವಿಷಯಕ್ಕೆ ಬಂದಾಗ ಕನ್ನಡದಲ್ಲೇ ಮಾತಾಡಬೇಕೆಂದು ಹಟ. ಮಮ್ಮಿ ದಿನಾ ಫೋಟೋ ಕೇಳುತ್ತಾಳೆ, ಆ ಅಂಗಡಿಯ ನಂಬರು ಕೊಡಿ, ನಾನೇ ಮಾತಾಡುತ್ತೇನೆ ಎಂದಳು. ಅಲ್ಲಿಗೆ ನನ್ನ ಅಂಗಡಿ ಮುಚ್ಚಿತು. ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆ ಎಂದು ಕಾದೆ.

"ಚಿಕ್ಕಪ್ಪ, ಅದೇ ಕಾರ್ಡ್ ಇದೆಯಾ? ಚೇಂಜ್ ಮಾಡಿಲ್ಲ ಅಲ್ವಾ?" ಎಂದಳು. ಅದೇ ಕಾರ್ಡು, ದಿನವೂ ಅದರಲ್ಲೇ ತೆಗೆಯುತ್ತಿದ್ದೇನೆ ಎಂದೆ. "ಇನ್ನು ಒಂದೂ ತೆಗೀಬೇಡಿ. ಬಿಲ್ಕುಲ್ ಬೇಡ. ಫಾರ್ಮ್ಯಾಟ್ ಮಾಡಿದ್ರೆ ಫೋಟೋ ಹೋಗಲ್ಲ ಚಿಕ್ಕಪ್ಪ, ಅಡ್ರೆಸ್ ಮಾತ್ರ ಹೋಗುತ್ತೆ."

ಇದು ನನಗೆ ಹೊಸ ಜ್ಞಾನ. ಆಮೇಲೆ ಅವಳು ಬಿಡಿಸಿ ಹೇಳಿದಳು. ಫಾರ್ಮ್ಯಾಟ್ ಮಾಡುವುದೆಂದರೆ ಪುಸ್ತಕದ ವಿಷಯಸೂಚಿಯನ್ನು ಮಾತ್ರ ಹರಿದುಹಾಕಿದ ಹಾಗೆ. ಒಳಗಿನ ಹಾಳೆಗಳು ಇದ್ದಲ್ಲೇ ಇರುತ್ತವೆ. ಯಾವ ಹಾಳೆಯಲ್ಲಿ ಏನಿದೆ ಎಂದು ಕ್ಯಾಮೆರಾಕ್ಕೆ ಗೊತ್ತಿಲ್ಲದ್ದರಿಂದ ಎಲ್ಲ ಖಾಲಿ ಎಂದು ತಿಳಿದು, ಹೊಸದನ್ನು ಹಳೆಯದರ ಮೇಲೆಯೇ ಬರೆಯುತ್ತ ಹೋಗುತ್ತದೆ. ನಿಜವಾಗಿ ಅಳಿಯುವುದು ಹಾಗೆ ಮೇಲೆ ಬರೆದಾಗಲೇ. ನಮ್ಮ ಮಿಲ್ಲಿನಲ್ಲೂ ಬಣ್ಣ ತಪ್ಪಿದ ಬಟ್ಟೆಯನ್ನು ಎಸೆಯುವುದಿಲ್ಲ. ರಾಸಾಯನಿಕದಲ್ಲಿ ಕುದಿಸಿ ಬಣ್ಣ ಇಳಿಸಿ, ಮೇಲೆ ಗಾಢವಾದದ್ದನ್ನು ಕೊಡುತ್ತೇವೆ. ವ್ಯಾಪಾರಿಗೆ ತಿಳಿಯುವುದಿಲ್ಲ. ನನ್ನಂಥವನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದರೆ ಕಪ್ಪಿನ ಅಡಿಯಲ್ಲಿ ಮೊದಲಿನ ಗುಲಾಬಿ ಇನ್ನೂ ಕೂತಿರುವುದು ಕಾಣುತ್ತದೆ. ಇಷ್ಟು ವರ್ಷ ಅದನ್ನು ನೋಡುತ್ತಿದ್ದವನಿಗೆ ಕಾರ್ಡಿನ ವಿಷಯ ಹೊಳೆಯಲಿಲ್ಲವಲ್ಲ.

ಮಿಲ್ಲಿಗೆ ಹೊಸ ಕಾರ್ಡು ಕೊಂಡುಕೊಟ್ಟು, ಹಳೆಯದನ್ನು ಕುಂಕುಮದ ಖಾಲಿ ಡಬ್ಬಿಯಲ್ಲಿಟ್ಟುಕೊಂಡು ಭಾನುವಾರ ಅಹಮದಾಬಾದಿನ ರೈಲು ಹತ್ತಿದೆ. ಅಂಕಲೇಶ್ವರದಲ್ಲಿ ಒಮ್ಮೆ, ಭರೂಚಿನಲ್ಲಿ ಒಮ್ಮೆ ಜೇಬು ಮುಟ್ಟಿ ನೋಡಿಕೊಂಡೆ. ನಡುವೆ ನರ್ಮದೆಯ ಸೇತುವೆಯ ಮೇಲೆ ಎಲ್ಲರೂ ಕೈಮುಗಿದರು. ನಾನು ಒಂದು ಕೈಯಿಂದ ಜೇಬು ಹಿಡಿದುಕೊಂಡು ಇನ್ನೊಂದು ಕೈಯಿಂದ ಮುಗಿದೆ. ವಡೋದರ ಬಂದಾಗ ಕಿಟಕಿಯಿಂದ ಮುಖ ಒಳಗೆಳೆದುಕೊಂಡೆ. ಅತ್ತಿಗೆ ಭಾನುವಾರ ನಿಲ್ದಾಣಕ್ಕೆ ಬರುವ ಸಂಭವವೇ ಇರಲಿಲ್ಲ, ಆದರೂ.

ಶ್ರಾವ್ಯ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ಅಳಿಸಿದ್ದನ್ನು ಹುಡುಕಿಕೊಡುವ ಯಾವುದೋ ಪ್ರೋಗ್ರಾಮು ಶುರುಮಾಡಿದಳು. ಪರದೆಯ ಮೇಲೆ ಒಂದು ಹಸಿರು ಪಟ್ಟಿ, ಶೇಕಡಾ ಒಂದು, ಶೇಕಡಾ ಎರಡು. ಅವಳ ಗೆಳತಿಯರು ನಮ್ಮ ಮುಖ ನೋಡಿ ಮೆಲ್ಲಗೆ ಚಹ ಇಟ್ಟು ಕೋಣೆಗೆ ಹೋದರು. ಕಾಯುವಾಗ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ನಮ್ಮ ಹಿರಿಯರಿಗೆ ಫೋಟೋದ ಹಂಗೇ ಇರಲಿಲ್ಲ. ನನ್ನ ಮುತ್ತಜ್ಜನ ಮುಖ ಹೇಗಿತ್ತೋ ಯಾರಿಗೂ ಗೊತ್ತಿಲ್ಲ, ಆದರೆ ಶ್ರಾದ್ಧದಲ್ಲಿ ಅವನ ಹೆಸರು, ಗೋತ್ರ ತಪ್ಪದೆ ಹೇಳುತ್ತೇವೆ. ತಂದೆ ವಸುವಿನ ರೂಪ, ಅಜ್ಜ ರುದ್ರನ ರೂಪ, ಮುತ್ತಜ್ಜ ಆದಿತ್ಯನ ರೂಪ ಎಂದು ಮೂರು ತಲೆಮಾರಿಗೆ ದೇವತೆಗಳ ರೂಪವನ್ನೇ ಎರವಲು ಕೊಟ್ಟಿದ್ದಾರೆ. ಎಷ್ಟು ಅನುಕೂಲದ ಏರ್ಪಾಡು ಎಂದುಕೊಂಡೆ. ಆದರೆ ಅತ್ತಿಗೆಗೆ ಬೇಕಾದದ್ದು ವಸುವೂ ಅಲ್ಲ, ರುದ್ರನೂ ಅಲ್ಲ, ಮೂವತ್ತು ವರ್ಷ ಜೊತೆಗೆ ಬಾಳಿದ ಒಂದು ಮುಖ. ಗಂಡುಮಕ್ಕಳಿಲ್ಲದ ಅಣ್ಣನ ಕರ್ಮ ಮಾಡಬೇಕಾದವನು ನಾನು. ಅವನ ಮುಖವನ್ನು ಕಳೆದವನೂ ನಾನೇ.

ಮೊದಲು ಬಂದದ್ದು ಬಟ್ಟೆ. ಮೊನ್ನೆಯ ಕಂದು, ಯಾವುದೋ ತಿಂಗಳ ನೇರಳೆ, ಅರ್ಧ ಹರಿದ ಹಳದಿ, ನಾನು ಋಣ ಮುಗಿಯಿತೆಂದು ಬಿಟ್ಟ ಲಾಟುಗಳ ಚೂರುಪಾರುಗಳೆಲ್ಲ ಸಾಲಾಗಿ ಎದ್ದುಬಂದವು. ಆಮೇಲೆ ತಾರಸಿ. ಚಿತ್ರದಲ್ಲಿ ಆಕಾಶವಿತ್ತು, ನೀರಿನ ಟಾಂಕಿಯ ಮೂಲೆಯಿತ್ತು, ಅಣ್ಣಯ್ಯನ ಬಾಚಿದ ಕೂದಲು, ಹಣೆ, ಹಣೆಯ ಕೆಳಗೆ ಬೂದು ಬಣ್ಣದ ಪಟ್ಟಿ. ಮುಂದಿನದರಲ್ಲಿ ಆಕಾಶ ಮಾತ್ರ. ಅದರ ಮುಂದಿನದು ತೆರೆಯಲೇ ಇಲ್ಲ. ನಲವತ್ತು ಚಿತ್ರಗಳಲ್ಲಿ ಒಂದೂ ಪೂರ್ತಿಯಾಗಿ ಉಳಿದಿರಲಿಲ್ಲ. ಶ್ರಾವ್ಯ ನನ್ನ ಕೈಯ ಮೇಲೆ ಕೈಯಿಟ್ಟಳು, ಸಮಾಧಾನ ಮಾಡಬೇಕಾದವನು ನಾನಾಗಿದ್ದೆ.

ಹಸಿರು ಪಟ್ಟಿ ಮಾತ್ರ ನಿಲ್ಲಲಿಲ್ಲ. ನಲವತ್ತೈದನೆಯದೋ ಐವತ್ತನೆಯದೋ ಚಿತ್ರದಿಂದ ಮುಂದೆ ಎಲ್ಲವೂ ಪೂರ್ತಿ, ಸ್ವಚ್ಛ. ಅಡುಗೆಮನೆ. ಬಾಯಿ ತೆರೆದ ಅಣ್ಣಯ್ಯ, ಸೌಟು ಅಡ್ಡ ಬಂದ ಅಣ್ಣಯ್ಯ, ಬನಿಯನ್ನಿನಲ್ಲಿ ಬೆವರು ಒರೆಸಿಕೊಳ್ಳುವ ಅಣ್ಣಯ್ಯ. ನಾನು ಕಾಫಿ ಕುಡಿಯುತ್ತ ಅಳಿಸಿದ್ದವು. ಹೇಗೆ ಉಳಿದವು ಎಂದು ಶ್ರಾವ್ಯಳೇ ಲೆಕ್ಕ ಹಾಕಿ ಹೇಳಿದಳು. ನಾನು ಪ್ರತಿ ಲಾಟಿಗೂ ಫಾರ್ಮ್ಯಾಟ್ ಮಾಡುತ್ತಿದ್ದದ್ದರಿಂದ ಕ್ಯಾಮೆರಾ ಪ್ರತಿ ಸಲವೂ ಕಾರ್ಡಿನ ಮೊದಲ ತುದಿಯಿಂದಲೇ ಬರೆಯಲು ತೊಡಗುತ್ತಿತ್ತು. ಐವತ್ತಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ. ವರ್ಷವಿಡೀ ತುಳಿದದ್ದು ಅಷ್ಟೇ ಜಾಗವನ್ನು. ಆಚೆಯ ಭಾಗಕ್ಕೆ ಯಾರೂ ಕಾಲಿಟ್ಟಿರಲಿಲ್ಲ. ನಾನು ಶಿಸ್ತು ಬಿಟ್ಟು ಸೋಮಾರಿಯಂತೆ ತೆಗೆಯುತ್ತ ಹೋಗಿದ್ದರೆ ಕಾರ್ಡು ತುಂಬಿ ಎಲ್ಲವೂ ಮುಚ್ಚಿಹೋಗುತ್ತಿತ್ತು. ಒಂದು ವರ್ಷ ಬೈಸಿಕೊಂಡ ಹೆಬ್ಬೆರಳನ್ನು ನಾನು ಆಗ ಸ್ವಲ್ಪ ಹೊತ್ತು ನೋಡಿದೆ.

ಎಲ್ಲವನ್ನೂ ತೆಗೆದುಕೊಂಡು ನಾವಿಬ್ಬರೂ ವಡೋದರಕ್ಕೆ ಹೋದೆವು. ಅತ್ತಿಗೆಗೆ ಮೊದಲು ತಪ್ಪೊಪ್ಪಿಕೊಂಡೆ. ಹಾಗಾದರೆ ಆ ಅಂಗಡಿಯವನಿಗೆ ಕಾಯಿಲೆಯಿಲ್ಲವಾ ಎಂದು ಕೇಳಿ, ಇಲ್ಲ ಎಂದಾಗ ಸದ್ಯ ಎಂದರು. ಲ್ಯಾಪ್‌ಟಾಪಿನ ಮುಂದೆ ಕನ್ನಡಕ ಹಾಕಿಕೊಂಡು ಕೂತು, ಅಕ್ಕಿ ಆರಿಸುವವರ ಹಾಗೆ ಒಂದೊಂದನ್ನೂ ನೋಡಿದರು. ಒಂದು ಚಿತ್ರದಲ್ಲಿ ನಿಂತರು. ಅಣ್ಣಯ್ಯ ಸಾರಿನ ಎರಡು ಹನಿಯನ್ನು ಎಡ ಅಂಗೈಗೆ ಬಿಟ್ಟುಕೊಂಡು, ಅಂಗೈಯನ್ನು ತುಟಿಗೆ ಒತ್ತಿಕೊಂಡು, ಕಣ್ಣು ಮುಚ್ಚಿದ್ದಾನೆ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ, ಇದೇ ಇರಲಿ ಎಂದರು.

ಕಣ್ಣು ಮುಚ್ಚಿದೆ ಅತ್ತಿಗೆ, ಗೋಡೆಗೆ ಹಾಕುವುದಕ್ಕೆ ಸರಿಯಾಗುವುದಿಲ್ಲ, ಬಂದವರು ಏನೆಂದುಕೊಳ್ಳುತ್ತಾರೆ ಎಂದೆ. ಬಣ್ಣ ನೋಡುವವನ ಬುದ್ಧಿ ಎಲ್ಲಿಗೆ ಹೋಗುತ್ತದೆ!

"ಎಂತ ಅಂದ್ಕಣ್ತ್ರ್? ಉಪ್ಪ್ ಕಾಂಬ ಹೊತ್ತಿಗೆ ಅವ್ರ್ ಕಣ್ ಮುಚ್ಚುದೇ" ಎಂದರು ಅತ್ತಿಗೆ. "ಮೂವತ್ ವರ್ಷ ನಾನ್ ಕಂಡ್ ಮುಖ ಇದ್. ಅವ್ರ್ ಕಣ್ ತೆಗ್ದ್ ಹೂಂ ಅಂದ್ ಮೇಲೇ ಬಡ್ಸುದ್."

ನಾನು ನಲವತ್ತು ಸಲ ಗೋಡೆಗೆ ನಿಲ್ಲಿಸಿ ಹುಡುಕಿದ ಅಣ್ಣನನ್ನು, ನಾನೇ ಅಳಿಸಿ ಹಾಕಿದ್ದ ಚಿತ್ರಗಳೊಳಗಿಂದ ಅತ್ತಿಗೆ ಆರಿಸಿಕೊಟ್ಟರು. ಅದಕ್ಕೇ ಚೌಕಟ್ಟು ಹಾಕಿಸಿದೆವು. ಕೋಟಿಲ್ಲ, ನೀಲಿ ಆಕಾಶವಿಲ್ಲ, ಭುಜದ ಮೇಲೆ ಬೆವರೊರೆಸುವ ಕರಿಹಿಡಿದ ಬೈರಾಸು ಇದೆ.

ವರ್ಷಾಂತಿಕದ ಅಡುಗೆಯನ್ನು ಅತ್ತಿಗೆ ಮಡಿಯಲ್ಲಿ ತಾವೇ ಮಾಡಿದರು. ನಿಮಗೆ ಗೊತ್ತಿರಬಹುದು, ಶ್ರಾದ್ಧದ ಅಡುಗೆಯನ್ನು ಮಾಡುವವರು ರುಚಿ ನೋಡುವಂತಿಲ್ಲ. ಪಿತೃಗಳಿಗೆ ಸಲ್ಲುವ ಮೊದಲು ನಾಲಗೆಗೆ ತಾಗಿಸಬಾರದು. ಉಪ್ಪು ಹುಳಿ ಎಲ್ಲ ಕೈಯಂದಾಜು. ಉಂಡ ಬ್ರಾಹ್ಮಣರೂ ಅಡುಗೆ ಚೆನ್ನಾಗಿದೆ ಎಂದಾಗಲಿ, ಕೆಟ್ಟಿದೆ ಎಂದಾಗಲಿ ಹೇಳುವಂತಿಲ್ಲ. ಅವರು ಕೈತೊಳೆದು ಎದ್ದರು, ಪಿಂಡಪ್ರದಾನ ಮುಗಿಯಿತು, ನಾನು ಅಣ್ಣನ ಹೆಸರು ಹೇಳಿ ತಿಲೋದಕ ಬಿಟ್ಟೆ. ಸಾರಿಗೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಎಂದು ಮನೆಯಲ್ಲಿ ಇನ್ನೂ ಯಾರಿಗೂ ತಿಳಿದಿರಲಿಲ್ಲ.

ನಾವು ಊಟಕ್ಕೆ ಕೂರುವ ಮೊದಲು ಅತ್ತಿಗೆ ಪುಟ್ಟ ಬಾಳೆಲೆಯ ತುಂಡೊಂದನ್ನು ಫೋಟೋದ ಮುಂದೆ ಹಾಕಿ, ಅನ್ನ ಬಡಿಸಿ, ಕಾಳುಮೆಣಸಿನ ಸಾರು ಬಿಟ್ಟು, ಸೌಟನ್ನು ಕೈಯಲ್ಲಿ ಹಿಡಿದೇ ನಿಂತರು.

"ಉಪ್ಪ್ ಸಮ ಆಯ್ತಾ ಕಾಣಿ" ಎಂದರು.

ಶ್ರಾವ್ಯ ನನ್ನ ಮುಖ ನೋಡಿದಳು. ಎಲ್ಲರಿಗೂ ಹಸಿವಾಗಿತ್ತು, ಎಲೆಗಳೂ ಹಾಕಿದ್ದವು, ಆದರೆ ಯಾರೂ ಕೂರಲಿಲ್ಲ. ಅಣ್ಣಯ್ಯ ಅಂಗೈಯನ್ನು ತುಟಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಇನ್ನೂ ರುಚಿ ನೋಡುತ್ತಲೇ ಇದ್ದ.